ಕದ ಸರಿಯಿತು

ನನ್ನ ತಮ್ಮ ಮರೆಯುವುದಕ್ಕೆಂದೇ ಒಂದು ಕನ್ನಡಕ ಕೊಂಡಿದ್ದ. ಅದರ ಗಾಜಿಗೆ ಯಾವ ಪವರೂ ಇರಲಿಲ್ಲ, ಬರೀ ಕಿಟಕಿ ಗಾಜು. ಯಾರಾದರೂ ಕಾಗದ ಮುಂದೆ ಹಿಡಿದರೆ ಅಂಗಿ ಜೇಬು ತಡಕಿ, ಪ್ಯಾಂಟಿನ ಜೇಬು ತಡಕಿ, "ಛೆ, ಕನ್ನಡಕ ಮನೇಲೇ ಬಿಟ್ಬಂದೆ, ನೀವೇ ಸ್ವಲ್ಪ ಓದ್ಬಿಡಿ" ಎನ್ನುತ್ತಿದ್ದ. ಬಾಯಿಮಾತಿನ ಕನ್ನಡಕವಾದರೆ ಒಂದಲ್ಲ ಒಂದು ದಿನ ಯಾರಾದರೂ ಎಲ್ಲಿ ತೋರಿಸು ಅಂದಾರು ಎಂದು, ಕಾಗದಪತ್ರ ಬಾರದ ಭಾನುವಾರದ ಡ್ಯೂಟಿಗೆ ಅದನ್ನು ಮೂಗಿನ ಮೇಲೇರಿಸಿಕೊಂಡು ಹೋಗಿ ನಾಲ್ಕು ಜನರ ಕಣ್ಣಿಗೆ ಬೀಳುವಂತೆ ಓಡಾಡಿ ಬರುತ್ತಿದ್ದ. ಇಷ್ಟೊಂದು ತಲೆ ಓಡಿಸುವವನಿಗೆ ಓದಲು ಬರುವುದಿಲ್ಲ ಎಂದು ಯಾರಿಗೆ ತಾನೇ ಅನುಮಾನ ಬಂದೀತು?

ನನಗೂ ಬರಲಿಲ್ಲ. ಮೂವತ್ತಾರು ವರ್ಷ ಒಂದನೇ ತರಗತಿಗೆ ಅಕ್ಷರ ಕಲಿಸಿ ನಿವೃತ್ತಳಾದವಳು ನಾನು. ಪೆನ್ಸಿಲ್ ಹಿಡಿಯುವ ರೀತಿ ನೋಡಿಯೇ ಈ ಮಗು ಯಾವ ಅಕ್ಷರದಲ್ಲಿ ಎಡವುತ್ತದೆಂದು ಹೇಳಬಲ್ಲೆ ಎಂದು ಸ್ಟಾಫ್ ರೂಮಿನಲ್ಲಿ ಕೊಚ್ಚಿಕೊಂಡವಳು. ಒಡಹುಟ್ಟಿದವನ ವಿಷಯ ಅವನಿಗೆ ನಲವತ್ತಾರು ತುಂಬುವವರೆಗೆ ನನಗೆ ಗೊತ್ತಾಗಲಿಲ್ಲ. ಬರೆಯುವಾಗಲೂ ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ, ಯಾಕೆಂದರೆ ಇದು ನನ್ನ ನಾಚಿಕೆಯ ಕಥೆಯಲ್ಲ, ಅವನ ಗೆಲುವಿನದು.

ಅವನು ಲಿಫ್ಟ್ ಮೆಕ್ಯಾನಿಕ್. ಕೆಲಸದ ಜಾಗದಲ್ಲಿ ಎಲ್ಲರೂ ಅವನನ್ನು ಡಾಕ್ಟರ್ ಎಂದೇ ಕರೆಯುವುದು. ದೊಡ್ಡ ಕಟ್ಟಡಗಳ ನೆತ್ತಿಯ ಮೇಲೆ, ತಗ್ಗಿದ ಕಬ್ಬಿಣದ ಬಾಗಿಲಿನ ಹಿಂದೆ, ಲಿಫ್ಟಿನ ಮೋಟರು ಇರುವ ಕೋಣೆಯೊಂದಿರುತ್ತದೆ. ಗ್ರೀಸಿನ ವಾಸನೆ, ಧೂಳು ಹಿಡಿದ ಬಲ್ಬು, ಮಧ್ಯದಲ್ಲಿ ಆಳೆತ್ತರದ ಯಂತ್ರ. ತಮ್ಮ ಅಲ್ಲಿಗೆ ಹೋದವನೇ ಸ್ಕ್ರೂಡ್ರೈವರಿನ ತುದಿಯನ್ನು ಮೋಟರಿಗೆ ಒತ್ತಿ, ಹಿಡಿಯನ್ನು ಕಿವಿಗಿಟ್ಟು ಕಣ್ಣು ಮುಚ್ಚುತ್ತಾನೆ. ಆಮೇಲೆ "ಎಡಗಡೆ ಬೇರಿಂಗು, ಇನ್ನು ಎರಡು ವಾರ ಬರುತ್ತೆ" ಅನ್ನುತ್ತಾನೆ. ಎರಡು ವಾರ ಅಂದರೆ ಎರಡೇ ವಾರ. ಅಂಕಿಗಳ ಜೊತೆ ಅವನಿಗೆ ಎಂದೂ ತಕರಾರಿಲ್ಲ. ತಕರಾರಿದ್ದದ್ದು ಅಕ್ಷರಗಳ ಜೊತೆ ಮಾತ್ರ, ಅದನ್ನು ನೋಡಿಕೊಳ್ಳಲು ಜೊತೆಗಾರನಿದ್ದ. ಅವನಿಗಿಂತ ಹನ್ನೆರಡು ವರ್ಷ ದೊಡ್ಡವನಾದ ಆ ಜೊತೆಗಾರ ಇಪ್ಪತ್ತೆರಡು ವರ್ಷ ಪ್ರತಿಯೊಂದು ಕೆಲಸದ ಹಾಳೆಯನ್ನೂ ಗಟ್ಟಿಯಾಗಿ ಓದಿ ಹೇಳಿದ. ತಮ್ಮ ಕೇಳಿ, ಕೆಲಸ ಮಾಡಿ, ಕೆಳಗೆ ಸಹಿ ಹಾಕಿದ. ಸಹಿ ಮಾತ್ರ ಚೆನ್ನಾಗಿ ಬರುತ್ತಿತ್ತು, ನನಗಿಂತ ಚೆಂದ.

ಒಂದು ಶನಿವಾರ ಮಧ್ಯಾಹ್ನ ಅವನು ನಮ್ಮನೆಗೆ ಬಂದ. ಅಡುಗೆಮನೆಯ ಮೇಜಿನ ಮುಂದೆ ಕೂತು ಒಂದು ಲೋಟ ನೀರು ಕುಡಿದ, ಇನ್ನೊಂದು ಲೋಟ ಕುಡಿದ, ಮೂರನೆಯದನ್ನು ಕೈಯಲ್ಲೇ ಹಿಡಿದುಕೊಂಡ. ಜೇಬಿನಿಂದ ಮಡಿಸಿದ ಕಾಗದವೊಂದನ್ನು ತೆಗೆದು ನನ್ನ ಮುಂದೆ ಇಟ್ಟ.

"ಅಕ್ಕಾ, ಇದನ್ನ ಓದು."

"ಕನ್ನಡಕ ಮತ್ತೆ ಮರೆತ್ಯಾ? ಅದಕ್ಕೊಂದು ದಾರ ಕಟ್ಟಿ ಕುತ್ತಿಗೆಗೆ ನೇತಾಕ್ಕೋ ಅಂತ ಎಷ್ಟು ಸಲ ಹೇಳಿದೀನಿ."

"ನಂಗೆ ಕನ್ನಡಕ ಬೇಡ ಅಕ್ಕ. ಯಾವತ್ತೂ ಬೇಕಾಗಿರ್ಲಿಲ್ಲ. ನಂಗೆ ಓದಕ್ಕೇ ಬರಲ್ಲ."

ಕಾಗದದಲ್ಲಿದ್ದದ್ದು ಇಷ್ಟು. ಮೂರು ತಿಂಗಳ ನಂತರ ಪ್ರತಿಯೊಬ್ಬ ಮೆಕ್ಯಾನಿಕ್ಕೂ ಪರೀಕ್ಷಕರ ಮುಂದೆ ಕೂತು, ಕೊಟ್ಟ ಕೆಲಸದ ಹಾಳೆಯನ್ನು ತಾನೇ ಓದಿ ವಿವರಿಸಬೇಕು. ಆಗದವರನ್ನು ಲಿಫ್ಟಿನ ಕೆಲಸದಿಂದ ತೆಗೆದು ಗೋದಾಮಿಗೆ ಕಳಿಸಲಾಗುತ್ತದೆ. ಜೊತೆಗಾರನೂ ಅಷ್ಟರಲ್ಲಿ ನಿವೃತ್ತ. ಗೋದಾಮೆಂದರೆ ರಟ್ಟಿನ ಪೆಟ್ಟಿಗೆಗಳನ್ನು ಈ ಮೂಲೆಯಿಂದ ಆ ಮೂಲೆಗೆ ಇಡುವ ಕೆಲಸ. "ಸಂಬಳ ಕಮ್ಮಿ ಆಗಲ್ಲ," ಎಂದ ತಮ್ಮ. "ಆದ್ರೆ ಅಲ್ಲಿ ಲಿಫ್ಟ್ ಇಲ್ಲ ಅಕ್ಕ. ಮೆಷಿನ್ ಸದ್ದು ಕೇಳ್ದೇ ನಾನೇನು ಮಾಡ್ಲಿ?"

ನನಗೆ ಮೊದಲು ಬಂದದ್ದು ಅಳುವಲ್ಲ, ಸಿಟ್ಟು. ಇಷ್ಟು ವರ್ಷ ನನ್ನ ಹತ್ತಿರ ಬಚ್ಚಿಟ್ಟನಲ್ಲ ಎಂಬ ಸಿಟ್ಟು. ಬಾಯಿಗೆ ಬಂದಂತೆ ಬೈದೆ. ಒಳಕೋಣೆಯಲ್ಲಿ ಪೇಪರ್ ಓದುತ್ತಿದ್ದ ನಮ್ಮ ಯಜಮಾನರು ಬಾಗಿಲಿಗೆ ಬಂದು ನಿಂತು, "ಬೈಯೋದು ಮುಗಿದ್ಮೇಲೆ ಪಾಠ ಶುರುಮಾಡು, ಮೂರೇ ತಿಂಗಳಿರೋದು" ಎಂದು ಹೇಳಿ ಒಳಗೆ ಹೋದರು. ಅವರು ಮಾತಾಡುವುದೇ ಕಡಿಮೆ, ಆಡಿದಾಗ ಇಂಥವು.

ಪಾಠ ಶುರುವಾಯಿತು. ಅಟ್ಟದಿಂದ ನನ್ನ ಹಳೆಯ ಒಂದನೇ ತರಗತಿಯ ಪುಸ್ತಕ ಇಳಿಸಿದೆ. ತಮ್ಮ ಬೆರಳಿಟ್ಟು ಒಂದೊಂದೇ ಅಕ್ಷರ ಕೂಡಿಸಿ ಎರಡು ಸಾಲು ಓದಿದ. ಅರಸ ಬಂದ. ಸರ ತಂದ. ಪಕ್ಕದಲ್ಲಿ ಕಿರೀಟ ತೊಟ್ಟ ದುಂಡು ಮುಖದ ರಾಜನ ಚಿತ್ರ. ಪುಸ್ತಕವನ್ನು ಮೆಲ್ಲಗೆ ಮುಚ್ಚಿ ಆಚೆ ತಳ್ಳಿದ.

"ಅಕ್ಕ, ದಿನಾ ಸಾವಿರ ಜನ ನನ್ನ ನಂಬಿ ಮೇಲಕ್ಕೆ ಹೋಗ್ತಾರೆ. ಈ ಅರಸ ಯಾರಿಗೆ ಸರ ತಂದ್ರೆ ನಂಗೇನಾಗ್ಬೇಕು?"

ಸರಿ, ಪೇಪರ್ ಕೊಟ್ಟೆ. ಮೊದಲ ಸಾಲಿನಲ್ಲೇ ಮೂರು ಒತ್ತಕ್ಷರ ಅಡ್ಡ ಬಂದವು, ಹಣೆಯ ಮೇಲೆ ಬೆವರು ಒಡೆಯಿತು. ಗ್ರಂಥಾಲಯಕ್ಕೆ ಹೋಗಿ, ದೊಡ್ಡವರು ಓದು ಕಲಿಯಲು ಸುಲಭದ ಪುಸ್ತಕ ಯಾವುದಿದೆ ಎಂದು ಕೇಳಿದೆ. ಅಲ್ಲಿದ್ದವರು ತುಂಬ ಉತ್ಸಾಹದಿಂದ ಹುಡುಕಿ, ಆರೋಗ್ಯ ಮತ್ತು ಸ್ವಚ್ಛತೆಯ ಬಗ್ಗೆ ಒಂದು ಕಿರುಹೊತ್ತಗೆ ಕೊಟ್ಟರು. ಅದರ ಹೆಸರಿನಲ್ಲೇ ಇನ್ನೂ ಕಲಿಯದ ಅಕ್ಷರಗಳು ತುಂಬಿದ್ದವು. ಸುಲಭವಾದದ್ದೆಲ್ಲ ಮಕ್ಕಳಿಗೆ, ದೊಡ್ಡವರಿಗಾದದ್ದೆಲ್ಲ ಕಷ್ಟ. ನಡುವಿನ ಕಪಾಟು ಖಾಲಿ. ಇಲ್ಲದ ಪುಸ್ತಕವನ್ನು ಹುಡುಕಿ ಎಷ್ಟು ಚಪ್ಪಲಿ ಸವೆಸುವುದು, ನಾನೇ ಬರೆಯುತ್ತೇನೆ ಎಂದು ನಿಶ್ಚಯಿಸಿದೆ.

ನಿಯಮ ಒಂದೇ. ಕಲಿತ ಅಕ್ಷರ ಬಿಟ್ಟು ಬೇರೆ ಒಂದೇ ಒಂದು ಅಕ್ಷರ ಪುಸ್ತಕದಲ್ಲಿ ಇರಕೂಡದು. ವಿಷಯ ಮಾತ್ರ ನಲವತ್ತಾರರ ಗಂಡಸಿನದಾಗಿರಬೇಕು. ಹೇಳುವುದು ಸುಲಭ. ತಮ್ಮ ತನ್ನ ಸ್ಕ್ರೂ ಡಬ್ಬಿಯೊಂದನ್ನು ಖಾಲಿ ಮಾಡಿ ತಂದುಕೊಟ್ಟ, ಇಪ್ಪತ್ತು ಖಾನೆಗಳಿದ್ದ ಪ್ಲಾಸ್ಟಿಕ್ ಡಬ್ಬಿ. ರಟ್ಟಿನ ಚೂರುಗಳ ಮೇಲೆ ಅಕ್ಷರ ಬರೆದು, ಅವನಿಗೆ ಗಟ್ಟಿಯಾದ ಹನ್ನೆರಡನ್ನು ಮಾತ್ರ ಖಾನೆಗಳಲ್ಲಿಟ್ಟೆ. ಜೊತೆಗೊಂದು ಸೊನ್ನೆ, ಮೂರು ಗುಣಿತ. ಬೇರೆ ಖಾನೆಗಳಿಗೆ ಟೇಪು ಅಂಟಿಸಿದೆ. ಹಗ್ಗ ಎಂದು ಬರೆಯೋಣವೆಂದರೆ ಅದಕ್ಕೊಂದು ಒತ್ತು. ಬಾಗಿಲು ಎಂದರೆ ಉದ್ದ, ಕದ ಎಂದರೆ ಗಿಡ್ಡ ಮತ್ತು ಗಟ್ಟಿ. ಎರಡು ಬೆಳಗು ತಲೆ ಕೆರೆದುಕೊಂಡು ಮೊದಲ ಪುಸ್ತಕ ಮುಗಿಸಿದೆ, ಹಾಳೆಗೊಂದು ಸಾಲು:

ಕದ ನಿಂತಿತು. ಅವನು ಬಂದ. ಬಾಗಿದ. ಗಾಲಿಯ ಬದಿ ಕಸ. ಕಸ ಸರಿಸಿದ. ಕದ ಸರಿಯಿತು.

ನೀವು ನಗಬಹುದು. ತಮ್ಮ ನಗಲಿಲ್ಲ. ಮೊದಲ ದಿನ ಬೆರಳಿಟ್ಟು ಓದಿ ಕೊನೆಯ ಹಾಳೆಗೆ ಬಂದಾಗ ಅರ್ಧ ಗಂಟೆಯಾಗಿತ್ತು. ತಲೆಯೆತ್ತಿ, "ಇದು ನಂದೇ ಕೆಲಸ ಅಲ್ವಾ," ಎಂದ. "ಬಾಗ್ಲು ನಿಲ್ಲೋದು ನೂರಕ್ಕೆ ಎಂಬತ್ತು ಸಲ ಕಸಕ್ಕೇನೇ. ಜನ ಮೋಟರ್ ಬಿಚ್ಚಿಸ್ತಾರೆ."

ಪುಸ್ತಕಗಳು ಒಂದರ ಹಿಂದೊಂದು ಬಂದವು. ಹಾಳೆಗಳನ್ನು ಜೋಡಿಸಿ ಸ್ಟೇಪ್ಲರ್ ಹೊಡೆಯುವ ಕೆಲಸ ನಮ್ಮ ಯಜಮಾನರದು. ಪ್ರತಿಯೊಂದಕ್ಕೂ ಎರಡು ಪ್ರತಿ, ಒಂದು ಇಲ್ಲಿಗೆ, ಒಂದು ಅವನ ಮನೆಗೆ. ಎರಡು ವಾರದಲ್ಲಿ ತಮ್ಮ ಆರು ಪುಸ್ತಕಗಳನ್ನು ನೀರು ಕುಡಿದಂತೆ ಓದತೊಡಗಿದ. ನನ್ನ ಹೆಮ್ಮೆಗೆ ಮಿತಿಯಿರಲಿಲ್ಲ. ಮೆಟ್ಟಿಲಲ್ಲಿ ಸಿಕ್ಕ ಪಕ್ಕದ ಮನೆಯಾಕೆಗೆ, ವಿಧಾನ ಸರಿಯಿದ್ದರೆ ಎರಡೇ ವಾರ ಸಾಕು ಎಂದು ಉಪನ್ಯಾಸ ಕೊಟ್ಟೆ.

ಹದಿನೈದನೇ ದಿನ ಯಾಕೋ ಮತ್ತೆ ಮೊದಲ ಪುಸ್ತಕ ಕೇಳೋಣ ಅನ್ನಿಸಿತು. ಅಲ್ಲಿಯವರೆಗೆ ಯಾರೂ ತೆರೆಯದಿದ್ದ ನಮ್ಮ ಮನೆಯ ಪ್ರತಿ ಕೊಟ್ಟೆ. ಅವನು ಬೆರಳಿಟ್ಟು, ಹಾಳೆ ತಿರುವುತ್ತ, ತಡೆಯಿಲ್ಲದೆ ಓದಿದ. ನಾನು ಅವನ ಭುಜದ ಮೇಲಿಂದ ನೋಡುತ್ತಿದ್ದೆ. ಮೂರನೆಯ ಹಾಳೆಯಲ್ಲಿ ಅವನ ಬಾಯಿ "ಬಾಗಿದ" ಎಂದಿತು. ಬೆರಳ ಕೆಳಗಿದ್ದದ್ದು "ಕದ ಸರಿಯಿತು". ಮುಂದಿನ ಹಾಳೆಯಲ್ಲೂ ಅದೇ ಕಥೆ. ಬಾಯಿ ಒಂದು, ಹಾಳೆ ಇನ್ನೊಂದು. ಯಜಮಾನರು ಕ್ರಿಕೆಟ್ ನೋಡುತ್ತ ಸ್ಟೇಪ್ಲರ್ ಹೊಡೆದಿದ್ದರು, ಹಾಳೆಗಳು ಹಿಂದುಮುಂದಾಗಿದ್ದವು. ತಮ್ಮ ಮಾತ್ರ ಕಥೆಯನ್ನು ಸರಿಯಾದ ಕ್ರಮದಲ್ಲೇ, ಒಂದಕ್ಷರ ತಪ್ಪದೆ ಹೇಳಿ ಮುಗಿಸಿದ.

"ನೀನು ಓದ್ತಿಲ್ಲ," ಎಂದೆ.

ಅವನ ಬೆರಳು ಹಾಳೆಯ ಮೇಲೇ ನಿಂತಿತು. ಪುಸ್ತಕ ಮುಚ್ಚಿ ನಿಜ ಹೇಳಿದ. ಪ್ರತಿಯೊಂದು ಹೊಸ ಪುಸ್ತಕವನ್ನೂ ಮನೆಗೆ ಹೋಗಿ ಹೆಂಡತಿಯ ಹತ್ತಿರ ಒಂದು ಸಲ ಓದಿಸಿಕೊಳ್ಳುತ್ತಿದ್ದನಂತೆ. "ನಂಗೆ ಒಂದ್ಸಲ ಕೇಳಿದ್ರೆ ಸಾಕು ಅಕ್ಕ, ಮರ್ಯೋದೇ ಇಲ್ಲ. ಮೋಸ ಮಾಡ್ಬೇಕು ಅಂತಲ್ಲ. ನಿನ್ನ ಮುಖ ಅರಳುತ್ತಲ್ಲ, ಅದಕ್ಕೆ. ಚಿಕ್ಕೋನಿದ್ದಾಗಿಂದ ಹಂಗೇ ಮಾಡ್ಕೊಂಡು ಬಂದಿದೀನಿ."

ಆ ಮಾತಿಗೆ ಹಳೆಯದೆಲ್ಲ ನೆನಪಾಯಿತು. ಅವನಿಗಿಂತ ಹದಿಮೂರು ವರ್ಷ ದೊಡ್ಡವಳು ನಾನು. ಅವನು ಎರಡನೇ ತರಗತಿಯಲ್ಲಿದ್ದಾಗ ಶಿಕ್ಷಕಿಯಾಗಲು ಓದುತ್ತಿದ್ದೆ. ಅವನೇ ನನ್ನ ಮೊದಲ ವಿದ್ಯಾರ್ಥಿ. ದಿನಾ ಸಂಜೆ ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡು ಮೊದಲು ನಾನು ಪಾಠ ಓದಿ ತೋರಿಸುವುದು, ಆಮೇಲೆ ಅವನು ಓದುವುದು. ಎಷ್ಟು ಚೆನ್ನಾಗಿ ಓದುತ್ತಾನೆಂದು ಅಪ್ಪ ಅಮ್ಮನ ಮುಂದೆ ಕುಣಿದದ್ದು ನಾನೇ. ಅವನು ಓದುತ್ತಿರಲಿಲ್ಲ, ನನ್ನ ದನಿಯನ್ನೇ ನನಗೆ ತಿರುಗಿ ಒಪ್ಪಿಸುತ್ತಿದ್ದ. ಅಷ್ಟು ಚುರುಕು ಮಗುವಿಗೆ ಓದು ಬಾರದ ಹಾಗೆ ಮಾಡಿದ್ದು ನನ್ನ ಅವಸರ. ಅವತ್ತು ನಾನು ಅತ್ತೆ. ತಮ್ಮ ಎದ್ದು ಹೋಗಿ ನನಗೊಂದು ಲೋಟ ನೀರು ತಂದಿಟ್ಟ.

"ಅಳೋದು ಬಿಡು," ಎಂದ. "ಭಾವ ಹಾಳೆ ಕೆಡಿಸಿದ್ರಿಂದ ಸಿಕ್ಕಾಕೊಂಡೆ. ಇನ್ಮೇಲೆ ಎಲ್ಲಾನೂ ಕೆಡಿಸೇ ಕೊಡು. ಮೆಷಿನ್ ಬಿಚ್ಚಿ ಮುಂದೆ ಹರಡಿದ್ರೆ ತಾನೇ ಜೋಡ್ಸೋಕೆ ಬರುತ್ತೋ ಇಲ್ವೋ ಗೊತ್ತಾಗೋದು."

ಮೂವತ್ತಾರು ವರ್ಷದಲ್ಲಿ ನನಗೆ ಹೊಳೆಯದೆ ಇದ್ದ ವಿಧಾನ ಅದು. ಅಂದಿನಿಂದ ಸ್ಟೇಪ್ಲರ್ ಬಂದ್. ಪ್ರತಿ ಪುಸ್ತಕವೂ ಬಿಡಿ ಹಾಳೆಗಳ ಕಟ್ಟು, ಪುಟಸಂಖ್ಯೆ ಇಲ್ಲ, ಇಸ್ಪೀಟಿನಂತೆ ಕಲೆಸಿ ಕೊಡುವುದು. ಅವನಿಗಿಂತ ಮೊದಲು ಯಾರೂ ಗಟ್ಟಿಯಾಗಿ ಓದಕೂಡದು, ಹೆಂಡತಿಗಂತೂ ಬಾಯಿಗೆ ಬೀಗ. ಅವನು ಒಂದೊಂದೇ ಹಾಳೆ ಓದಿ, ಯಾವುದು ಮೊದಲು ಯಾವುದು ಆಮೇಲೆ ಎಂದು ಮೇಜಿನ ಮೇಲೆ ಸಾಲಾಗಿ ಹಾಸಬೇಕು. ಕ್ರಮ ಸರಿಯಾದರೆ ತಾನೇ ಸ್ಟೇಪ್ಲರ್ ಹೊಡೆದು ಮನೆಗೆ ಒಯ್ಯಬಹುದು. ಕ್ರಮ ಸರಿಯಾಗಬೇಕಾದರೆ ಓದಲೇಬೇಕು, ಬೇರೆ ದಾರಿಯೇ ಇಲ್ಲ.

ಮೊದಲ ವಾರ ನರಕ. ನೀರು ಕುಡಿದಂತೆ ಓದುತ್ತಿದ್ದವನು ಮತ್ತೆ ಮೊದಲ ದಿನದ ಹಾಗೆ ಅರ್ಧ ಗಂಟೆಗೆ ಆರು ಸಾಲಿಗೆ ಇಳಿದ. ಕೂಡಿಸಿದ ಅಕ್ಷರ ಮುಂದಿನದಕ್ಕೆ ಹೋಗುವಷ್ಟರಲ್ಲಿ ಮರೆತುಹೋಗುತ್ತಿತ್ತು. ಒಂದು ಸಂಜೆ ಹಾಳೆಗಳನ್ನೆಲ್ಲ ಒಟ್ಟು ಮಾಡಿ ಮೇಜಿಗೆ ಬಡಿದು, "ಗೋದಾಮೇ ವಾಸಿ" ಎಂದು ಎದ್ದ. ನಾನೂ ಸುಮ್ಮನಿರುವವಳಲ್ಲ, "ಹೋಗು, ಪೆಟ್ಟಿಗೆ ಹೊರು" ಎಂದೆ. ಬಾಗಿಲ ತನಕ ಹೋದವನು ಅಲ್ಲೇ ನಿಂತು, ಕೈಯಲ್ಲೇ ಉಳಿದಿದ್ದ ಒಂದು ಹಾಳೆ ನೋಡಿದ. ತುಟಿ ಅಲ್ಲಾಡಿತು. "ಮಾಲು ಇಳಿಸಿದ," ಎಂದು ಓದಿದ. ತಿರುಗಿ ಬಂದು ಕಟ್ಟಿನಲ್ಲಿ ಗಾಡಿ ಹೋದ ಹಾಳೆಯನ್ನು ಹುಡುಕಿ, ಇದನ್ನು ಅದರ ಮುಂದೆ ಇಟ್ಟ. "ಇಳಿಸಿದ್ಮೇಲೆ ತಾನೇ ಗಾಡಿ ಹೋಗೋದು." ಸರಿಯಾಗಿತ್ತು. ಯಾರೂ ಓದು ಎನ್ನದೆ ಅವನು ತಾನಾಗಿಯೇ ಓದಿದ ಮೊದಲ ವಾಕ್ಯ ಅದೇ ಎಂದು ನನ್ನ ಲೆಕ್ಕ.

ಡಬ್ಬಿಯ ಟೇಪುಗಳು ಒಂದೊಂದಾಗಿ ಕಿತ್ತುಬಂದವು. ಖಾನೆ ತುಂಬಿ ಇನ್ನೊಂದು ಡಬ್ಬಿ ಬಂತು. ಲಿಫ್ಟಿನ ಕಥೆಗಳು ಮುಗಿದಾಗ ಅವನೇ ವಿಷಯ ಕೊಡತೊಡಗಿದ: ಎರಡು ಮಹಡಿಗಳ ನಡುವೆ ಸಿಕ್ಕಿಹಾಕಿಕೊಂಡು ಜಗಳ ಮರೆತು ಒಂದಾದ ಗಂಡ ಹೆಂಡತಿ, ಲಿಫ್ಟಿನಲ್ಲಿ ಒಬ್ಬಳೇ ಇದ್ದಾಗ ಹಾಡುವ ಮುದುಕಿ, ಮಹಡಿ ಹತ್ತಲು ಹೆದರುವ ಕಟ್ಟಡದ ಮಾಲೀಕ. ನಾನು ಖಾನೆಯಲ್ಲಿರುವ ಅಕ್ಷರಗಳಲ್ಲೇ ಅವುಗಳನ್ನು ಹೊಲಿಯುತ್ತಿದ್ದೆ. ಅಳತೆಗೆ ಸಾಲದ ಬಟ್ಟೆಯಲ್ಲಿ ಅಂಗಿ ಹೊಲಿಯುವವಳಂತೆ ಅಲ್ಲಿ ಎಳೆದು ಇಲ್ಲಿ ಮಡಿಸಿ ಹೇಗೋ ಮುಗಿಸುತ್ತಿದ್ದೆ. ಆ ಮುದುಕಿಯ ಕಥೆಗೆ ನಾನೇ ಹೆಣೆದ ಕೊನೆಯನ್ನು ಓದಿ ಅವನು ನಕ್ಕಾಗ ಅದನ್ನು ಯಾರೂ ಅವನಿಗೆ ಹೇಳಿಕೊಟ್ಟಿರಲಿಲ್ಲ.

ಒತ್ತಕ್ಷರಗಳ ಭಯ ಮಾತ್ರ ಬಿಡಲಿಲ್ಲ. ಅಕ್ಷರದ ಬುಡದಲ್ಲಿ ಜೋತುಬಿದ್ದ ಆ ಬಾಲ ನೋಡಿದರೆ ಸಾಕು, ಅವನ ಬೆರಳು ಹಿಂದೆ ಸರಿಯುತ್ತಿತ್ತು. ನಾನು ನನ್ನ ಶಾಲೆಯ ವಿವರಣೆಗಳನ್ನೆಲ್ಲ ಕೊಟ್ಟು ಸೋತೆ. ಕೊನೆಗೆ ಅವನೇ ಪೆನ್ಸಿಲ್ ತೆಗೆದುಕೊಂಡು ಒಂದು ಒತ್ತಕ್ಷರದ ಸುತ್ತ ಚೌಕ ಎಳೆದು, ನಡುವೆ ಗೀಟು ಹಾಕಿದ. "ಎರಡು ಮಹಡಿ ಅಲ್ವಾ ಇದು. ಮೇಲಿಂದ ಹೊರಟು ಕೆಳಗೆ ಇಳೀಬೇಕು. ಇಷ್ಟೇನಾ?" ಇಷ್ಟೇ. ಮೂರು ಮಹಡಿಯ ಅಕ್ಷರ ಬಂದ ದಿನ ನೆಲಮಾಳಿಗೆಯೂ ಇದೆಯಲ್ಲ ಎಂದು ನಕ್ಕ, ಹೆದರಲಿಲ್ಲ.

ಮೂರು ತಿಂಗಳಲ್ಲಿ ಮೂವತ್ತೇಳು ಪುಸ್ತಕಗಳಾದವು. ಓದು ನಿಧಾನವೇ, ಬೆರಳೂ ಬೇಕು. ಆದರೆ ಬಾಯಿ ಹೇಳಿದ್ದು, ಬೆರಳ ಕೆಳಗಿದ್ದದ್ದು ಒಂದೇ.

ಪರೀಕ್ಷೆಯ ಹಿಂದಿನ ದಿನ ಸಂಜೆ ಜೊತೆಗಾರ ನಮ್ಮ ಮನೆಗೇ ಬಂದ. ಒಳ್ಳೆಯ ಮನುಷ್ಯ, ತಮ್ಮನ ಮೇಲೆ ಪ್ರಾಣ. ಅಂಗಿಯೊಳಗಿಂದ ಒಂದು ಹಾಳೆ ತೆಗೆದ.

"ಡಾಕ್ಟ್ರೇ, ನಾಳೆ ಕೇಳೋದು ಇದೇ. ಲಿಫ್ಟ್ ಮಧ್ಯದಲ್ಲಿ ನಿಂತ್ರೆ ಜನನ ಹೊರಗೆ ತರೋ ಹಾಳೆ. ಒಂದ್ಸಲ ಓದ್ಬಿಡ್ತೀನಿ, ಕೇಳಿಸ್ಕೋ. ನಿಂಗೆ ಅಷ್ಟು ಸಾಕಲ್ಲ."

ಸಾಕೇ ಸಾಕು. ಒಂದು ಸಲ ಕೇಳಿದರೆ ನಾಳೆ ಗಿಳಿಯಂತೆ ಒಪ್ಪಿಸಿ ಗೆದ್ದು ಬರುತ್ತಾನೆ. ನಾನು ಬಾಯಿಬಿಡಲಿಲ್ಲ. ಬಿಟ್ಟಿದ್ದರೆ ಓದು ಎಂದುಬಿಡುತ್ತಿದ್ದೆನೋ ಏನೋ, ಅಷ್ಟು ಭಯವಿತ್ತು. ತಮ್ಮ ಆ ಹಾಳೆಯನ್ನು ನೋಡಿದ, ಜೊತೆಗಾರನನ್ನು ನೋಡಿದ, ಎರಡೂ ಕೈಗಳನ್ನು ಕಿವಿಯ ಮೇಲಿಟ್ಟುಕೊಂಡ.

"ಬೇಡ ಅಣ್ಣ. ಇಪ್ಪತ್ತೆರಡು ವರ್ಷ ಓದಿದ್ದೀಯ. ನಾಳೆದು ನಾನೇ ಓದ್ತೀನಿ."

"ಬಿದ್ರೆ ಗೋದಾಮು ಕಣೋ."

"ಬಿದ್ರೆ ನಾನೇ ಬಿದ್ದ ಹಾಗಾಯ್ತು."

ಮರುದಿನ ಊಟದ ಡಬ್ಬಿ ಕೊಡುವ ನೆಪದಲ್ಲಿ ನಾನೂ ಅವನ ಕಚೇರಿಗೆ ಹೋದೆ. ಉದ್ದ ಕಾರಿಡಾರು, ಗೋಡೆಗಾನಿಸಿದ ಬೆಂಚು. ಸೆಖೆಗೆ ಕೋಣೆಯ ಬಾಗಿಲು ಅರ್ಧ ತೆರೆದಿತ್ತು. ಒಳಗೆ ಮೇಜಿನಾಚೆ ಪರೀಕ್ಷಕಿ, ಪಕ್ಕದಲ್ಲಿ ಮ್ಯಾನೇಜರು, ಈಚೆ ತಮ್ಮ. ಬೆಂಚಿನ ಮೇಲೆ ನಾನು ಮತ್ತು ಜೊತೆಗಾರ. ತಮ್ಮ ಜೇಬಿನಿಂದ ಕನ್ನಡಕ ತೆಗೆದು ಮೇಜಿನ ಬದಿಗಿಟ್ಟ. ಪರೀಕ್ಷಕಿ ಹಾಳೆ ಕೊಟ್ಟರು.

"ಕನ್ನಡಕ ಹಾಕ್ಕೊಳ್ಳಲ್ವಾ?"

"ಇದರಲ್ಲಿ ಏನೂ ಕಾಣಲ್ಲ ಮೇಡಂ," ಎಂದ.

ಓದತೊಡಗಿದ. ಬೆರಳು ಸಾಲಿನ ಕೆಳಗೆ ನಡೆಯುವುದು ನನಗೆ ಬೆಂಚಿನಿಂದಲೇ ಕಾಣುತ್ತಿತ್ತು. "ಒಂದು. ಒಳಗಿರುವವರ ಜೊತೆ ಮಾತನಾಡಿ, ಧೈರ್ಯ ಹೇಳಿ." ಧೈರ್ಯ ಎಂಬಲ್ಲಿ ತಡೆದು ದಾಟಿದ. "ಎರಡು. ಎಲ್ಲ ಮಹಡಿಗಳ ಬಾಗಿಲು ಮುಚ್ಚಿದೆಯೇ ನೋಡಿ." ನಾನು ಡಬ್ಬಿಯ ಹಿಡಿಯನ್ನು ತಿರುಚುತ್ತಿದ್ದೆ. "ಮೂರು. ಬ್ರೇಕ್ ಸಡಿಲಿಸಿ, ಚಕ್ರವನ್ನು ಕೈಯಿಂದ ನಿಧಾನವಾಗಿ ತಿರುಗಿಸಿ."

ಅಲ್ಲಿ ನಿಂತುಬಿಟ್ಟ.

ಬೆರಳು ಮುಂದಕ್ಕೆ ಹೋಯಿತು, ಹಿಂದಕ್ಕೆ ಬಂತು, ಮತ್ತೆ ಮುಂದಕ್ಕೆ ಹೋಯಿತು. ದನಿ ಇಲ್ಲ. ಜೊತೆಗಾರ ತಲೆ ತಗ್ಗಿಸಿ, "ಓದಿ ಹೇಳಿದ್ರೆ ಆಗಿರೋದು" ಎಂದು ಗೊಣಗಿದ. ನಾಲ್ಕನೆಯ ಸಾಲಿನಲ್ಲಿ ಯಾವ ಅಕ್ಷರ ಬಂದಿರಬಹುದು, ಯಾವ ಖಾನೆಯನ್ನು ನಾನು ಸರಿಯಾಗಿ ತುಂಬಲಿಲ್ಲ ಎಂದು ಒಂದೊಂದಾಗಿ ಎಣಿಸತೊಡಗಿದೆ.

"ಯಾಕೆ ನಿಲ್ಲಿಸಿದ್ರಿ?" ಎಂದರು ಪರೀಕ್ಷಕಿ, ಮೆತ್ತಗೆ. "ಮುಂದಿನದು ಓದೋಕೆ ಆಗ್ತಿಲ್ವಾ?"

"ಓದಾಯ್ತು ಮೇಡಂ. ಮನಸ್ಸಲ್ಲೇ ಓದ್ಕೊಂಡೆ. ಈ ಹಾಳೆ ಹಿಂದುಮುಂದಾಗಿದೆ."

"ಅಂದ್ರೆ?"

"ನಾಲ್ಕನೇದು, ಮುಖ್ಯ ಸ್ವಿಚ್ ಬಂದ್ ಮಾಡಿ ಬೀಗ ಹಾಕಿ ಅಂತಿದೆ. ಮೂರನೇದರಲ್ಲೇ ಬ್ರೇಕ್ ಬಿಡಿ ಅಂತಿದಾರೆ. ಕರೆಂಟ್ ಇರೋವಾಗ ಬ್ರೇಕ್ ಬಿಟ್ರೆ ಚಕ್ರ ಹಿಡಿದೋನ ಕೈ ಹೋಗುತ್ತೆ, ಒಳಗಿರೋರ ಗತಿ ಹೇಳೋಕಾಗಲ್ಲ. ನಾಲ್ಕು ಮೊದ್ಲು ಬರ್ಬೇಕು, ಮೂರು ಆಮೇಲೆ."

ಪರೀಕ್ಷಕಿ ಹಾಳೆ ತೆಗೆದುಕೊಂಡು ಓದಿದರು. ಇನ್ನೊಮ್ಮೆ ಓದಿದರು. ಮ್ಯಾನೇಜರಿಗೆ ಕೊಟ್ಟರು. ಮ್ಯಾನೇಜರು ಓದಿ, ಕತ್ತಿನ ಬೆವರು ಒರೆಸಿಕೊಂಡು, ನಾಲ್ಕು ವರ್ಷದ ಹಿಂದೆ ಹಾಳೆಯನ್ನು ಹೊಸದಾಗಿ ಟೈಪು ಮಾಡಿಸಿದಾಗ ಸಾಲು ಅದಲುಬದಲಾಗಿರಬೇಕು ಎಂದರು. ಫೈಲು ಬಂತು. "ಓದಿ ಅರ್ಥಮಾಡಿಕೊಂಡಿದ್ದೇನೆ" ಎಂಬ ಮಾತಿನ ಕೆಳಗೆ ಹದಿನೇಳು ಮೆಕ್ಯಾನಿಕ್‌ಗಳ ಸಹಿ, ನಾಲ್ಕು ವರ್ಷವೂ, ಕೊನೆಯಲ್ಲಿ ಮ್ಯಾನೇಜರದು. ಕೈಗೆ ಕೆಲಸ ಗೊತ್ತಿದ್ದವರೆಲ್ಲ ಕೈ ಹೇಳಿದಂತೆ ಸರಿಯಾಗಿಯೇ ಮಾಡಿದ್ದರು. ಹಾಳೆಯನ್ನು ಒಬ್ಬರೂ ನೋಡಿರಲಿಲ್ಲ. ಹೊಸಬನೊಬ್ಬ ಅದನ್ನೇ ನಂಬಿ ಕೆಲಸಕ್ಕೆ ಇಳಿದಿದ್ದರೆ ಕೈ ಕಳೆದುಕೊಳ್ಳುತ್ತಿದ್ದ.

"ಇಲ್ಲಿ ನಿಮ್ಮ ಸಹಿನೂ ಇದೆಯಲ್ಲ," ಎಂದರು ಪರೀಕ್ಷಕಿ.

"ಅದು ಓದ್ದೇ ಹಾಕಿದ್ದು ಮೇಡಂ," ಎಂದ ತಮ್ಮ. "ಇವತ್ತು ಓದಿದೀನಿ."

ಪರೀಕ್ಷಕಿ ಮ್ಯಾನೇಜರ ಕಡೆ ತಿರುಗಿದರು. "ಉಳಿದ ಹದಿನಾರು ಜನರದು?" ಎಂದು ಕೇಳಿದರು. ಮ್ಯಾನೇಜರು ಕಿಟಕಿಯಾಚೆ ಏನೋ ಇದೆಯೆಂಬಂತೆ ನೋಡಿದರು. ನನ್ನ ಪಕ್ಕದಲ್ಲಿ ಜೊತೆಗಾರ ಮುಖ ಮುಚ್ಚಿಕೊಂಡು ನಗುತ್ತಿದ್ದ, ಕಣ್ಣಲ್ಲಿ ನೀರು. "ನಿನ್ನೆ ನಾನು ಓದಿ ಹೇಳಿದ್ರೆ ಸರಿಯಾದ ಕ್ರಮದಲ್ಲೇ ಹೇಳ್ತಿದ್ದೆ ಅಕ್ಕ. ಬಾಯಿಗೆ ಬಂದ್ಬಿಟ್ಟಿದೆ. ಇಪ್ಪತ್ತೆರಡು ವರ್ಷ ಇವನಿಗೆ ಓದಿ ಹೇಳ್ದೆ ಅನ್ಕೊಂಡಿದ್ದೆ. ನಾನೂ ಓದ್ತಿರ್ಲಿಲ್ಲ."

ತಮ್ಮ ಲಿಫ್ಟಿನಲ್ಲೇ ಉಳಿದ. ತಿದ್ದಿದ ಹಾಳೆ ಅವನು ಹೇಳಿದ ಕ್ರಮದಲ್ಲೇ ಅಚ್ಚಾಗಿ ಪ್ರತಿಯೊಂದು ಮೋಟರು ಕೋಣೆಯ ಗೋಡೆಗೂ ಬಂತು. ಅಚ್ಚಿಗೆ ಹೋಗುವ ಮುನ್ನ ಪೆನ್ಸಿಲಿನಿಂದ ಅಂಕಿ ಬದಲಿಸಿದ್ದು ಅವನೇ. ವಿಷಯ ಹೇಗೋ ಹೊರಗೆ ಹರಡಿತು. ಒಂದು ತಿಂಗಳೊಳಗೆ ನಮ್ಮ ಅಡುಗೆಮನೆಯ ಮೇಜಿಗೆ ಇನ್ನೂ ಮೂವರು ಬಂದರು: ಒಬ್ಬ ಬಾಯ್ಲರ್ ನೋಡಿಕೊಳ್ಳುವವನು, ಆಸ್ಪತ್ರೆಯ ಲಾಂಡ್ರಿಯಲ್ಲಿರುವ ಹೆಂಗಸು, ಮತ್ತು ತಮ್ಮನ ಹದಿನಾರು ಸಹೋದ್ಯೋಗಿಗಳಲ್ಲೇ ಒಬ್ಬ. ಅವನ ಹತ್ತಿರವೂ ಒಂದು ಕನ್ನಡಕವಿತ್ತು. ಅವರ ಅಕ್ಷರಗಳ ಡಬ್ಬಿಗಳನ್ನು ತುಂಬುವುದು ಈಗ ತಮ್ಮನ ಕೆಲಸ. ಲಾಂಡ್ರಿಯ ಹೆಂಗಸಿಗೆ ಲಿಫ್ಟಿನ ಕಥೆ ಬೇಡವಂತೆ, ಸಾಬೂನಿನ ಕಥೆ ಬೇಕಂತೆ. ಬರೆಯುತ್ತಿದ್ದೇನೆ.

ಪರೀಕ್ಷೆಯಾದ ಸಂಜೆಯ ಒಂದು ಸಂಗತಿ ಮಾತ್ರ ಉಳಿಯಿತು. ನಾವಿಬ್ಬರೂ ಮನೆಗೆ ಬಂದಾಗ ಯಜಮಾನರು ಬಾಗಿಲಲ್ಲೇ ಕಾದಿದ್ದರು. ನಾನು ಸೀದಾ ಒಳಗೆ ಹೋಗಿ ಕಪಾಟಿನಿಂದ ಆ ಮೊದಲ ಪುಸ್ತಕದ ಕೆಟ್ಟ ಪ್ರತಿ ತಂದು ತಮ್ಮನ ಕೈಗಿಟ್ಟೆ. ಯಾಕೋ ಅದನ್ನು ಬಿಸಾಡಲು ಮನಸ್ಸಾಗಿರಲಿಲ್ಲ. ಅವನು ನಿಂತೇ ತೆರೆದ. ಮೊದಲ ಹಾಳೆ ಓದಿದ, ಕದ ನಿಂತಿತು. ಎರಡನೆಯದು, ಅವನು ಬಂದ. ಮೂರನೆಯದಕ್ಕೆ ಬಂದು, "ಕದ ಸರಿಯಿತು" ಎಂದು ಓದಿದ. ಹುಬ್ಬು ಗಂಟಿಕ್ಕಿ ಮುಂದಿನ ಹಾಳೆ ತಿರುವಿದ. "ಕಸ ಸರಿಸಿದ." ಇನ್ನೊಂದು. "ಬಾಗಿದ."

ಪುಸ್ತಕದಿಂದ ತಲೆಯೆತ್ತಿ ನಮ್ಮ ಯಜಮಾನರನ್ನು ನೋಡಿದ.

"ಏನು ಭಾವ ಇದು, ಬಾಗೋಕೆ ಮುಂಚೆನೇ ಕಸ ತೆಗೆದ್ನಂತೆ, ಕಸ ತೆಗೆಯೋಕೆ ಮುಂಚೆನೇ ಬಾಗ್ಲು ತೆರೀತಂತೆ. ಸ್ಟೇಪ್ಲರ್ ಕೊಡಿ ಇಲ್ಲಿ."